ಕುರಿಮರಿಯಿಂದ ಬೆಳಗಾವಿಯವರೆಗೆ – ಒಂದು ಚುಚ್ಚುಮದ್ದಿನ ಚರಿತ್ರೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಆಕೆ ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ಸ್ಟಾಫ್ ನರ್ಸ್. ಚಹಾ ಕುಡಿಯುತ್ತ ಕುಳಿತಿದ್ದಾಗ ಆಕೆ ಒಮ್ಮೆಲೇ ಕೇಳಿದಳು: “ಸರ್, ನೀವು ಒಂಬತ್ತನೇತ್ತಾಗ ಲಿಂಬಿಹಣ್ಣಿನ ಕಥೀ ಹೇಳಿ ಒಂದು ಪ್ರಶ್ನೆ ಕೇಳಿದ್ರಿ. ನೆನಪೈತೇನ್ರಿ?”

ನನಗೆ ನೆನಪಿತ್ತು. ಯುರೋಪಿನ ನಾವಿಕರ ಸಮುದ್ರಯಾನದ ಪಾಠ ಬಂದಾಗಲೆಲ್ಲ ನಾನು ಪಠ್ಯಪುಸ್ತಕದಲ್ಲಿಲ್ಲದ ಒಂದು ಕಥೆಯನ್ನು ಸೇರಿಸುತ್ತಿದ್ದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ರೋಗ ತಗುಲಿದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಉಪಚಾರ ನೀಡಿದ. ಕಿತ್ತಳೆ ಮತ್ತು ನಿಂಬೆಹಣ್ಣು ತಿಂದ ಇಬ್ಬರು ಬಹುಬೇಗ ಚೇತರಿಸಿಕೊಂಡರು. ಆದರೆ ಬ್ರಿಟಿಷ್ ನೌಕಾಪಡೆ ತನ್ನ ಎಲ್ಲ ನಾವಿಕರಿಗೆ ನಿಂಬೆರಸ ಕೊಡಲು ನಿರ್ಧರಿಸಿದ್ದು 1795ರಲ್ಲಿ. “ಗೊತ್ತಾದ ಮೇಲೂ ನಲವತ್ತೆಂಟು ವರ್ಷ ಏಕೆ ಬೇಕಾಯಿತು?” ಎಂದು ನಾನು ತರಗತಿಗೆ ಕೇಳುತ್ತಿದ್ದೆ. ಸಾಮಾನ್ಯವಾಗಿ ಯಾರೂ ಉತ್ತರಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನಲ್ಲಿಯೂ ಪೂರ್ಣ ಉತ್ತರವಿರಲಿಲ್ಲ.

“ಈಗ ನನಗ ಉತ್ತರ ಗೊತ್ತೈತ್ರಿ ಸರ್,” ಎಂದಳು ಆಕೆ. “ಕಾಗದ ತಾನಾಗೇ ನಡಕೊಂಡು ಬರೂದಿಲ್ರಿ. ಯಾರಾದ್ರೂ ಕೈ ಹಿಡದು ಪೇಶಂಟಿನ ಮಂಚದ ತನಕ ಕರಕೊಂಡು ಬರಬೇಕು.”

ಅನಂತರ ಆಕೆ ತನ್ನ ವಿಭಾಗದಲ್ಲಿ ದಿನವೂ ಬಳಸುವ ಒಂದು ಅಗ್ಗದ ಚುಚ್ಚುಮದ್ದಿನ ವಿಷಯ ಹೇಳಿದಳು. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡ ಗರ್ಭಿಣಿಗೆ ಕೊಡುವ ಮದ್ದು ಅದು. ಒಳಗಿರುವ ಮಗುವಿನ ಶ್ವಾಸಕೋಶ ಬೇಗ ಪಕ್ವವಾಗಲೆಂದು ಕೊಡುತ್ತಾರೆ. ಅದು ಯಾವಾಗಿನಿಂದ ಇದೆ ಎಂದು ಕೇಳಿದೆ. “ಭಾಳ ಹಳೇದ್ರಿ, 1972ರಾಗ ಗೊತ್ತಾಗಿದ್ದು” ಎಂದಳು. ಆ ಇಸವಿ ಕೇಳಿ ನಾನು ಕೆಲಹೊತ್ತು ಮಾತನಾಡಲಿಲ್ಲ. ಕಾರಣವನ್ನು ನಮ್ಮ ಬಂಧುಗಳು ಬಲ್ಲರು. ವಿದ್ಯಾರ್ಥಿಗಳಿಗೆ ಇದುವರೆಗೂ ಹೇಳಿಲ್ಲ.

1984. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ತಂಗಿಗೆ ಎಂಟನೆಯ ತಿಂಗಳು ನಡೆಯುತ್ತಿದ್ದಾಗಲೇ ನೋವು ಕಾಣಿಸಿಕೊಂಡಿತು. ಬಾಡಿಗೆ ಕಾರಿನಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆವು. ನೋವು ಬಂದು ಹೋಗಿ ಮಾಡುತ್ತ ಒಂದೂವರೆ ದಿನ ಕಳೆಯಿತು. ಅನಂತರ ಗಂಡುಮಗು ಹುಟ್ಟಿತು. ಸಣ್ಣದಾಗಿದ್ದರೂ ಅಂಗಾಂಗಗಳೆಲ್ಲ ತಿದ್ದಿದಂತಿದ್ದವು. ಆದರೆ ಉಸಿರಾಟ ಸರಿಯಿರಲಿಲ್ಲ. ಒಂದೊಂದು ಉಸಿರಿಗೂ ಪಕ್ಕೆಲುಬುಗಳು ಒಳಗೆ ಸೇದಿಹೋಗುತ್ತಿದ್ದವು. ನರಳಿದಂಥ ಒಂದು ಸಣ್ಣ ಸದ್ದು ಬರುತ್ತಿತ್ತು. ಬಲ್ಬಿನ ಶಾಖದಲ್ಲಿ ಇಟ್ಟರು, ಆಮ್ಲಜನಕ ಕೊಟ್ಟರು. ಎರಡನೆಯ ದಿನ ಬೆಳಗಿನ ಜಾವ ಆ ಸದ್ದು ನಿಂತಿತು.

“ಏಳು ತಿಂಗಳಿಗೆ ಹುಟ್ಟಿದ್ದು ಉಳೀತಾವ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯೂದಿಲ್ಲ” ಎಂದು ಅವ್ವ ಸಮಾಧಾನ ಹೇಳಿದಳು. ಇದು ನಮ್ಮ ನಾಡಿನಲ್ಲಿ ಎಲ್ಲರೂ ಕೇಳಿರುವ ಮಾತು. ಎಣಿಸಿ ನೋಡಿದರೆ ನಿಲ್ಲದ ಮಾತೂ ಹೌದು. ತಾಯಿಯ ಗರ್ಭದಲ್ಲಿ ಹೆಚ್ಚು ದಿನ ಇದ್ದ ಮಗುವಿಗೇ ಬದುಕುವ ಅವಕಾಶ ಹೆಚ್ಚು. ಆದರೆ ಆಗ ನಾವು ಎಣಿಸುವ ಸ್ಥಿತಿಯಲ್ಲಿರಲಿಲ್ಲ. ತಾನು ಬಾವಿಯಿಂದ ನೀರಿನ ಕೊಡ ಎತ್ತಿದ್ದರಿಂದಲೇ ಹೀಗಾಯಿತೆಂದು ತಂಗಿ ಬಹುಕಾಲ ನಂಬಿಕೊಂಡಿದ್ದಳು.

ಆ ಚುಚ್ಚುಮದ್ದಿನ ಚರಿತ್ರೆಯನ್ನು ತಿಳಿಯಲೇಬೇಕೆಂದು ನಾನು ಈ ಒಂದು ತಿಂಗಳು ಓದಿದೆ. ಮಗ ಕಂಪ್ಯೂಟರಿನಲ್ಲಿ ಹುಡುಕಿಕೊಟ್ಟ. ವಿದ್ಯಾರ್ಥಿನಿ ಕಠಿಣ ಪದಗಳನ್ನು ಬಿಡಿಸಿ ಹೇಳಿದಳು. ಚರಿತ್ರೆಯ ಮೇಷ್ಟರಾದ ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಶಿಶುಗಳು ಏಕೆ ಉಸಿರಾಡಲಾರವು ಎಂಬುದನ್ನು ನೋಡೋಣ. ನಮ್ಮ ಶ್ವಾಸಕೋಶದ ತುಂಬ ಸಣ್ಣ ಸಣ್ಣ ಗಾಳಿಚೀಲಗಳಿವೆ. ಅವುಗಳ ಒಳಮೈ ತೇವವಾಗಿರುತ್ತದೆ. ಒದ್ದೆಯಾದ ಎರಡು ಗಾಜಿನ ಹಲ್ಲೆಗಳು ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆಯೋ ಹಾಗೆ ಈ ಚೀಲಗಳೂ ಉಸಿರು ಬಿಟ್ಟೊಡನೆ ಮುದುಡಿ ಮುಚ್ಚಿಕೊಳ್ಳಬೇಕು. ಹಾಗಾಗದಂತೆ ಕಾಯುವುದು ಸರ್ಫ್ಯಾಕ್ಟಂಟ್ ಎಂಬ, ಸೋಪಿನ ಗುಣವುಳ್ಳ ಒಂದು ಸ್ರಾವ. ಗರ್ಭದ ಕೊನೆಯ ವಾರಗಳಲ್ಲಿ ಅದು ಸಾಕಷ್ಟು ತಯಾರಾಗುತ್ತದೆ. ಮೊದಲೇ ಹುಟ್ಟಿದ ಮಗುವಿನಲ್ಲಿ ಅದು ಸಾಲದು. ಆದ್ದರಿಂದ ಪ್ರತಿಯೊಂದು ಉಸಿರೂ ಮೊದಲನೆಯ ಉಸಿರಿನಷ್ಟೇ ಕಷ್ಟ. ಈ ರೋಗದಿಂದ ತೀರಿಕೊಂಡ ಶಿಶುಗಳ ಶ್ವಾಸಕೋಶದಲ್ಲಿ ಆ ಸ್ರಾವದ ಕೊರತೆಯಿದೆ ಎಂಬುದನ್ನು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೀರ್ ಮೀಡ್ ತೋರಿಸಿಕೊಟ್ಟರು.

ಕಾರಣ ತಿಳಿದ ಮಾತ್ರಕ್ಕೆ ಚಿಕಿತ್ಸೆ ದೊರೆಯಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನೆಡಿಯವರ ಮಗ ಪ್ಯಾಟ್ರಿಕ್ ಐದು ವಾರಕ್ಕೂ ಮೊದಲೇ ಹುಟ್ಟಿದ. ಸುಮಾರು 39 ಗಂಟೆಗಳ ಕಾಲ ಬದುಕಿ ಇದೇ ರೋಗದಿಂದ ತೀರಿಕೊಂಡ. ಭೂಮಿಯ ಮೇಲಿನ ಅತ್ಯಂತ ಪ್ರಬಲ ವ್ಯಕ್ತಿಗೂ ಅಂದು ತನ್ನ ಮಗುವಿಗೆ ಉಸಿರು ಕೊಡಿಸಲಾಗಲಿಲ್ಲ.

ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ, ಅಂದರೆ ಕುರಿಗಳ ನಾಡಾದ ನ್ಯೂಜಿಲೆಂಡಿನಿಂದ. ಆಕ್ಲೆಂಡಿನ ಪ್ರಸೂತಿತಜ್ಞ ಗ್ರಹಾಂ ಲಿಗಿನ್ಸ್ ಅವರು ಹುಡುಕುತ್ತಿದ್ದುದು ಶ್ವಾಸಕೋಶದ ರಹಸ್ಯವನ್ನಲ್ಲ. ಹೆರಿಗೆ ಯಾವಾಗ ಆರಂಭವಾಗಬೇಕೆಂದು ತೀರ್ಮಾನಿಸುವವರು ಯಾರು, ತಾಯಿಯೋ ಮಗುವೋ ಎಂಬ ಪ್ರಶ್ನೆಗೆ ಉತ್ತರವನ್ನು. ಗರ್ಭದಲ್ಲಿದ್ದ ಕುರಿಮರಿಗಳಿಗೆ ಸ್ಟಿರಾಯ್ಡ್ ಹಾರ್ಮೋನು ಕೊಟ್ಟು ನೋಡಿದಾಗ ಕುರಿಗಳು ದಿನ ತುಂಬುವ ಮೊದಲೇ ಈದವು. ಕುರಿಯ ಗರ್ಭಾವಧಿ ಸುಮಾರು 150 ದಿನ. ಅಷ್ಟು ಬೇಗ ಹುಟ್ಟಿದ ಮರಿಗಳು ಸತ್ತೇ ಹುಟ್ಟಬೇಕಿತ್ತು, ಇಲ್ಲವೇ ಹುಟ್ಟಿದೊಡನೆ ಸಾಯಬೇಕಿತ್ತು. ಆದರೆ ಕೆಲವು ಉಸಿರಾಡಿದವು. ಅವುಗಳ ಶ್ವಾಸಕೋಶದಲ್ಲಿ ಗಾಳಿ ತುಂಬಿತ್ತು. ತಾನು ಹುಡುಕದೆ ಇದ್ದುದನ್ನು ಕಂಡೊಡನೆ ಗುರುತಿಸಿದ್ದು ಲಿಗಿನ್ಸ್ ಅವರ ದೊಡ್ಡತನ. 1969ರಲ್ಲಿ ಅದನ್ನು ಪ್ರಕಟಿಸಿದರು.

ಅದೇ ವರ್ಷದ ಕೊನೆಯಲ್ಲಿ ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ ಸೇರಿ ತಾಯಂದಿರ ಮೇಲೆ ಪ್ರಯೋಗ ಆರಂಭಿಸಿದರು. ಚೀಟಿ ಎತ್ತಿದಂತೆ ಯಾವ ತಾಯಿಗೆ ಯಾವ ಚುಚ್ಚುಮದ್ದು ಎಂಬುದನ್ನು ನಿರ್ಧರಿಸಲಾಯಿತು. ಒಂದು ಗುಂಪಿಗೆ ಬೀಟಾಮೆಥಾಸೋನ್. ಇನ್ನೊಂದಕ್ಕೆ ಪರಿಣಾಮ ಅತ್ಯಲ್ಪವಾದ ಹೋಲಿಕೆಯ ಮದ್ದು. 1972ರಲ್ಲಿ 282 ತಾಯಂದಿರ ವಿವರ ಪ್ರಕಟವಾಯಿತು. ತಾನಾಗಿಯೇ ದಿನಕ್ಕೆ ಮೊದಲು ಹೆರಿಗೆಯಾದವರಲ್ಲಿ, ಮದ್ದು ಪಡೆಯದ ಗುಂಪಿನ ಶಿಶುಗಳ ಪೈಕಿ ಶೇಕಡ 25.8ರಷ್ಟಕ್ಕೆ ಉಸಿರಾಟದ ರೋಗ ಬಂದಿದ್ದರೆ, ಮದ್ದು ಪಡೆದ ಗುಂಪಿನಲ್ಲಿ ಅದು ಶೇಕಡ 9.0. ಹುಟ್ಟಿದ ಮೊದಲ ದಿನಗಳಲ್ಲಿ ತೀರಿಕೊಂಡವು ಒಂದು ಗುಂಪಿನಲ್ಲಿ ಶೇಕಡ 15.0, ಇನ್ನೊಂದರಲ್ಲಿ ಶೇಕಡ 3.2.

ಇಷ್ಟು ಸ್ಪಷ್ಟವಾದ ಅಂಕಿಗಳನ್ನು ಓದಿದ ಪ್ರತಿಯೊಬ್ಬ ವೈದ್ಯನೂ ಮರುದಿನವೇ ಆ ಮದ್ದನ್ನು ಕೈಗೆತ್ತಿಕೊಂಡಿರಬೇಕೆಂದು ನಮಗೆ ಅನ್ನಿಸುತ್ತದೆ. ಹಾಗಾಗಲಿಲ್ಲ. ಇಪ್ಪತ್ತು ವರ್ಷಗಳ ಅನಂತರವೂ ಅಮೆರಿಕದಂಥ ದೇಶದಲ್ಲಿ, ಈ ಮದ್ದು ಬೇಕಾಗಿದ್ದ ತಾಯಂದಿರ ಪೈಕಿ ಐವರಲ್ಲಿ ಒಬ್ಬರಿಗೂ ಅದು ಸಿಗುತ್ತಿರಲಿಲ್ಲ.

ಇದನ್ನು ವೈದ್ಯರ ಸೋಮಾರಿತನವೆಂದು ಬಗೆದರೆ ತಪ್ಪಾಗುತ್ತದೆ. ಅವರ ಹಿಂಜರಿಕೆಗೆ ಕಾರಣಗಳಿದ್ದವು. ಗರ್ಭಿಣಿಯರಿಗೆ ಕೊಟ್ಟ ಥಾಲಿಡೊಮೈಡ್ ಎಂಬ ಮಾತ್ರೆಯಿಂದ ಸಾವಿರಾರು ಮಕ್ಕಳು ಅಂಗವಿಕಲರಾಗಿ ಹುಟ್ಟಿದ್ದು ಕೇವಲ ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಸ್ಟಿರಾಯ್ಡ್ ಎಂದರೆ ಸೋಂಕು ಹೆಚ್ಚೀತೆಂಬ ಭಯ. ಮಗುವಿನ ಬೆಳವಣಿಗೆಗೆ ಮುಂದೆ ಏನಾದೀತೋ ಎಂಬ ಭಯ. ಅನಂತರ ನಡೆದ ಪ್ರಯೋಗಗಳಲ್ಲಿ ಹಲವು ಚಿಕ್ಕವು. ಕೆಲವು ಲಾಭವಿದೆ ಎಂದರೆ ಕೆಲವು ಖಚಿತವಾಗಿ ಏನನ್ನೂ ಹೇಳಲಿಲ್ಲ. ಇನ್ನೊಂದು ಕಾರಣ ನನ್ನ ವಿದ್ಯಾರ್ಥಿನಿ ತೋರಿಸಿಕೊಟ್ಟದ್ದು: ಚುಚ್ಚುಮದ್ದು ಕೊಡಬೇಕಾದವರು ಹೆರಿಗೆ ವೈದ್ಯರು, ಅದರ ಫಲವನ್ನು ಕಾಣುವವರು ಮಕ್ಕಳ ವೈದ್ಯರು. ಬಿತ್ತಿದವನು ಬೆಳೆ ನೋಡದಿದ್ದರೆ ಮುಂದಿನ ವರ್ಷ ಅದೇ ಬೀಜವನ್ನು ಹುಡುಕಿಕೊಂಡು ಹೋಗುತ್ತಾನೆಯೇ?

ಇಲ್ಲಿ ಈ ಚರಿತ್ರೆಗೆ ಇನ್ನೊಬ್ಬ ಮಹನೀಯರು ಪ್ರವೇಶಿಸುತ್ತಾರೆ: ಆರ್ಚಿ ಕಾಕ್ರನ್, ಸ್ಕಾಟ್‌ಲೆಂಡಿನಲ್ಲಿ ಹುಟ್ಟಿದ ವೈದ್ಯರು. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ, ಜರ್ಮನರ ಯುದ್ಧಕೈದಿಗಳ ಶಿಬಿರಗಳಲ್ಲಿ ಸಹಕೈದಿಗಳಿಗೆ ಚಿಕಿತ್ಸೆ ನೀಡಿದವರು. ತಾನು ಮಾಡುತ್ತಿರುವ ಉಪಚಾರದಿಂದ ರೋಗಿಗೆ ನಿಜವಾಗಿ ಉಪಕಾರವಾಗುತ್ತಿದೆಯೇ ಎಂಬ ಪ್ರಶ್ನೆ ಅವರನ್ನು ಜೀವನವಿಡೀ ಬಿಡಲಿಲ್ಲ. ಲಿಗಿನ್ಸ್ ಮತ್ತು ಹೋವಿ ಅವರ ಲೇಖನ ಬಂದ 1972ರಲ್ಲಿಯೇ ಕಾಕ್ರನ್ ಅವರ ಪ್ರಸಿದ್ಧ ಪುಸ್ತಕವೂ ಬಂದಿತು. ಒಂದು ಚಿಕಿತ್ಸೆ ಫಲಕಾರಿಯೆಂದು ನ್ಯಾಯವಾದ ಹೋಲಿಕೆಯಿಂದ ತೋರಿಸದೆ ಅದನ್ನು ರೂಢಿಯ ಬಲದಿಂದಲೇ ನಡೆಸಬಾರದೆಂಬುದು ಅವರ ವಾದ. 1979ರಲ್ಲಿ ಅವರು ತಮ್ಮ ವೃತ್ತಿಯವರನ್ನು ಇನ್ನೂ ಕಟುವಾಗಿ ಟೀಕಿಸಿದರು. ನಡೆದ ಪ್ರಯೋಗಗಳನ್ನೆಲ್ಲ ವಿಷಯವಾರು ಒಟ್ಟುಗೂಡಿಸಿ, ತೂಗಿ ನೋಡಿ, ಕಾಲಕಾಲಕ್ಕೆ ಪರಿಷ್ಕರಿಸುವ ವ್ಯವಸ್ಥೆಯೇ ನಮ್ಮಲ್ಲಿಲ್ಲವಲ್ಲ ಎಂದರು. ಪ್ರಯೋಗದ ಆಧಾರವಿಲ್ಲದೆ ನಡೆಯುವ ವಿಭಾಗಗಳಲ್ಲಿ ಕಟ್ಟಕಡೆಯ ಸ್ಥಾನವನ್ನು ಪ್ರಸೂತಿಶಾಸ್ತ್ರಕ್ಕೆ ಕೊಟ್ಟರು.

ಆ ಮಾತು ಕೆಲವರಿಗೆ ನಾಟಿತು. ಆಕ್ಸ್‌ಫರ್ಡಿನಲ್ಲಿ ಇಯಾನ್ ಚಾಮರ್ಸ್ ಎಂಬ ವೈದ್ಯರು ಸಂಗಡಿಗರೊಂದಿಗೆ ಕುಳಿತು, ಗರ್ಭ ಮತ್ತು ಹೆರಿಗೆಗೆ ಸಂಬಂಧಿಸಿದ ಪ್ರಯೋಗಗಳನ್ನು ಜಗತ್ತಿನ ಮೂಲೆಮೂಲೆಯಿಂದ ಕಲೆಹಾಕತೊಡಗಿದರು. ಇಂಟರ್‌ನೆಟ್ ಇಲ್ಲದ ಕಾಲ. ಪತ್ರ ಬರೆದು, ಗ್ರಂಥಾಲಯಗಳಲ್ಲಿ ಪುಟ ತಿರುವಿ ಮಾಡಿದ ಕೆಲಸ. 1989ರಲ್ಲಿ ಅದರ ಫಲವಾಗಿ ಎರಡು ಬೃಹತ್ ಸಂಪುಟಗಳು ಬಂದವು. ಅದರಲ್ಲಿ ಪೆಟ್ರೀಷಿಯಾ ಕ್ರೌಲಿ ಎಂಬ ಐರಿಷ್ ವೈದ್ಯೆ ಈ ಸ್ಟಿರಾಯ್ಡ್ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ್ದರು. ಹನ್ನೆರಡು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ದಿನ ತುಂಬದ ಶಿಶುಗಳ ಸಾವಿನ ಸಂಭವವನ್ನು ಈ ಮದ್ದು ಶೇಕಡ 30ರಿಂದ 50ರಷ್ಟು ತಗ್ಗಿಸುತ್ತಿತ್ತು.

1993ರಲ್ಲಿ ಸ್ಥಾಪನೆಯಾದ ಕಾಕ್ರನ್ ಸಹಯೋಗ ಎಂಬ ಸಂಸ್ಥೆಯ ಲಾಂಛನವನ್ನು ನೀವು ನೋಡಬೇಕು. ಒಂದು ವೃತ್ತ, ನಡುವೆ ಒಂದು ನೆಟ್ಟನೆಯ ಗೆರೆ, ಅದನ್ನು ಹಾಯುವ ಏಳು ಅಡ್ಡಗೆರೆಗಳು, ಕೆಳಗೆ ಒಂದು ಪುಟ್ಟ ವಜ್ರಾಕೃತಿ. ಅದು ಬರಿಯ ಅಲಂಕಾರವಲ್ಲ. ಒಂದೊಂದು ಅಡ್ಡಗೆರೆಯೂ ಈ ಚುಚ್ಚುಮದ್ದಿನ ಒಂದೊಂದು ಪ್ರಯೋಗ. ಹೆಚ್ಚಿನವು ನೆಟ್ಟನೆಯ ಗೆರೆಯನ್ನು ದಾಟಿ ಆಚೆ ಈಚೆ ಚಾಚಿವೆ. ಎಂದರೆ ಬಿಡಿಬಿಡಿಯಾಗಿ ಅವು ಖಚಿತವಾದ ಸಾಕ್ಷಿ ನುಡಿಯಲಾರವು. ಎಲ್ಲವನ್ನೂ ಕೂಡಿಸಿದ ವಜ್ರ ಮಾತ್ರ ನಿಸ್ಸಂದೇಹವಾಗಿ ಎಡಗಡೆ, ಅಂದರೆ ಜೀವ ಉಳಿಯುವ ಕಡೆ ನಿಂತಿದೆ. ಕೂಡಿಸುವ ಕೆಲಸವನ್ನು ಮೊದಲೇ ಯಾರಾದರೂ ಮಾಡಿದ್ದರೆ ಉಳಿಯಬಹುದಾಗಿದ್ದ ಅದೆಷ್ಟೋ ಶಿಶುಗಳ ಸ್ಮಾರಕವೇ ಆ ಲಾಂಛನ ಎಂದು ನನಗೆ ತೋರುತ್ತದೆ.

1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಭೆ ಕರೆದು, ಈ ಮದ್ದನ್ನು ವ್ಯಾಪಕವಾಗಿ ಬಳಸಬೇಕೆಂದು ಸಾರಿತು. ಅನಂತರ ಅಲ್ಲಿ ನಡೆದ ಒಂದು ಪ್ರಯೋಗ ಅಧ್ಯಾಪಕನಾದ ನನಗೆ ಬಹಳ ಹಿಡಿಸಿತು. ಅದು ಮದ್ದನ್ನು ಪರೀಕ್ಷಿಸಿದ ಪ್ರಯೋಗವಲ್ಲ, ವೈದ್ಯರಿಗೆ ಕಲಿಸುವ ಬಗೆಯನ್ನು ಪರೀಕ್ಷಿಸಿದ್ದು. 27 ದೊಡ್ಡ ಆಸ್ಪತ್ರೆಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನಂತೆ ಪತ್ರಿಕೆಗಳಲ್ಲಿ ಪ್ರಕಟವಾದ ಶಿಫಾರಸು ಮಾತ್ರ. ಇನ್ನೊಂದು ಗುಂಪಿನ ಆಸ್ಪತ್ರೆಗಳಲ್ಲಿ ಎಲ್ಲರೂ ಗೌರವಿಸುವ ಒಬ್ಬ ವೈದ್ಯರೂ ಒಬ್ಬ ನರ್ಸೂ ಹೊಣೆ ಹೊತ್ತರು; ಉಪನ್ಯಾಸ ಏರ್ಪಡಿಸಿದರು; ರೋಗಿಯ ಕಡತದಲ್ಲಿಯೇ ನೆನಪಿನ ಚೀಟಿ ಇಟ್ಟರು; ಕುಳಿತು ಚರ್ಚಿಸಿದರು; ಎಷ್ಟು ಜನರಿಗೆ ಮದ್ದು ಸಿಕ್ಕಿತು, ಎಷ್ಟು ಜನರಿಗೆ ತಪ್ಪಿತು ಎಂಬ ಲೆಕ್ಕವನ್ನು ವೈದ್ಯರ ಮುಂದೆಯೇ ಇಟ್ಟರು. ಎರಡೂ ಗುಂಪುಗಳಲ್ಲಿ ಮೊದಲು ಮದ್ದು ಸಿಗುತ್ತಿದ್ದುದು ಸುಮಾರು ಶೇಕಡ 33ರಷ್ಟು ತಾಯಂದಿರಿಗೆ. ಅನಂತರ ಮೊದಲ ಗುಂಪಿನಲ್ಲಿ ಅದು ಸುಮಾರು 58ಕ್ಕೂ ಎರಡನೆಯದರಲ್ಲಿ ಸುಮಾರು 68ಕ್ಕೂ ಏರಿತು. ಈ ವರದಿ ಪ್ರಕಟವಾದದ್ದು 1999ರಲ್ಲಿ. ನಾವು ಶಿಕ್ಷಕರು ಇದನ್ನು ಬಲ್ಲೆವು. ಪಾಠ ಓದಿಸಿದರೆ ಸಾಲದು. ನೋಟ್‌ಬುಕ್ ತಿದ್ದಬೇಕು, ತಿದ್ದಿದ್ದನ್ನು ಮಗುವಿಗೆ ತೋರಿಸಬೇಕು.

ಇಲ್ಲಿಯವರೆಗೆ ಓದಿದಾಗ ನನ್ನ ಮನಸ್ಸಿನಲ್ಲಿ ಸಿಟ್ಟೇ ತುಂಬಿತ್ತು. 1972ರಲ್ಲಿ ಗೊತ್ತಾಗಿದ್ದ ಮದ್ದು. ನಮ್ಮ ತಂಗಿ ಒಂದೂವರೆ ದಿನ ಆಸ್ಪತ್ರೆಯ ಮಂಚದ ಮೇಲಿದ್ದಳು. ಚುಚ್ಚುಮದ್ದು ಕೆಲಸ ಮಾಡಲು ಅಷ್ಟು ಸಮಯ ಸಾಕಿತ್ತು. ಹಾಗಾದರೆ ಆ ಮಗುವನ್ನು ಕಳೆದುಕೊಂಡದ್ದು ದೂರದ ಅಜ್ಞಾನದಿಂದ ಎನ್ನಿಸಿತು. ಆದರೆ ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಅಧ್ಯಾಯ ನಮ್ಮ ಬೆಳಗಾವಿಯದು.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಜಿಲ್ಲೆಯ ಹಳ್ಳಿಗಳಲ್ಲಿ ತಾಯಿ–ಶಿಶು ಆರೋಗ್ಯದ ಪ್ರಯೋಗಗಳನ್ನು ಬಹುಕಾಲದಿಂದ ನಡೆಸಿದ್ದಾರೆ. ಹೆರಿಗೆಯ ಅನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ತಡೆಯಬಹುದೇ ಎಂದು ಅವರು 1,620 ತಾಯಂದಿರಲ್ಲಿ ಪರೀಕ್ಷಿಸಿದರು. ಮಾತ್ರೆ ಕೊಟ್ಟವರು ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿಯರು. ರಕ್ತಸ್ರಾವ ಶೇಕಡ 12.0ರಿಂದ 6.4ಕ್ಕೆ ಇಳಿದುದು 2006ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ದೊಡ್ಡ ಆಸ್ಪತ್ರೆಗೆ ಬಾರದ ತಾಯಿಗೂ ಮದ್ದು ಮುಟ್ಟಿಸಬಹುದೆಂಬ ಭರವಸೆ ಇದರಿಂದ ಮೂಡಿತು.

ಹಾಗಾದರೆ ಸ್ಟಿರಾಯ್ಡನ್ನೂ ಹಳ್ಳಿಹಳ್ಳಿಗೆ ಒಯ್ಯಬಾರದೇಕೆ? 2011ರಿಂದ 2014ರವರೆಗೆ ಆರು ದೇಶಗಳಲ್ಲಿ ಇದನ್ನು ಪರೀಕ್ಷಿಸಿದರು: ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಜಾಂಬಿಯಾ, ಪಾಕಿಸ್ತಾನ ಮತ್ತು ಭಾರತ. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ. ಸುಮಾರು ಒಂದು ಲಕ್ಷ ಹೆರಿಗೆಗಳು ಇದರಲ್ಲಿ ಸೇರಿದವು. ಗರ್ಭ ಎಷ್ಟು ವಾರದ್ದೆಂದು ತಿಳಿಯದಿದ್ದಾಗ, ಹೊಟ್ಟೆಯ ಎತ್ತರವನ್ನು ಅಳೆಯುವ ಬಣ್ಣದ ಪಟ್ಟಿಯಿಂದ ಅಂದಾಜು ಮಾಡಿ, ಆರೋಗ್ಯ ಕಾರ್ಯಕರ್ತೆಯರು ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಟ್ಟರು. ಮದ್ದು ಮುಟ್ಟಬೇಕಾದವರಿಗೆ ಹಿಂದಿಗಿಂತ ಬಹಳ ಹೆಚ್ಚಾಗಿ ಮುಟ್ಟಿತು. ಆದರೆ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಅತಿ ಚಿಕ್ಕ ಶಿಶುಗಳ ಸಾವು ಕಡಮೆಯಾಗಲೇ ಇಲ್ಲ. ಒಟ್ಟು ಶಿಶುಗಳನ್ನು ತೆಗೆದುಕೊಂಡರೆ, ಮೊದಲ 28 ದಿನಗಳ ಸಾವು ಸಾವಿರಕ್ಕೆ 23.9 ಇದ್ದದ್ದು ಮದ್ದು ಹಂಚಿದ ಪ್ರದೇಶಗಳಲ್ಲಿ 27.4 ಆಗಿತ್ತು! ತಾಯಂದಿರಲ್ಲಿ ಸೋಂಕಿನ ಲಕ್ಷಣಗಳೂ ಹೆಚ್ಚಿದ್ದವು.

ನಲವತ್ತು ವರ್ಷ ಸಾಬೀತಾದ ಮದ್ದು ಹೀಗೇಕೆ ಮಾಡಿತು? ಕಾರಣ ಇದೊಂದೇ ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ಕೆಲವು ಸಂಗತಿಗಳು ಕಣ್ಣಿಗೆ ಹೊಡೆಯುವಂತಿವೆ. ಮದ್ದು ಪಡೆದ ತಾಯಂದಿರಲ್ಲಿ ಬಹುಪಾಲು ಮಂದಿ ಅತಿ ಚಿಕ್ಕ ಶಿಶುವನ್ನು ಹೆರಲೇ ಇಲ್ಲ. ಅವರಿಗೆ ಅದು ಬೇಕಾಗಿಯೇ ಇರಲಿಲ್ಲ. ಹುಟ್ಟಿದ ಚಿಕ್ಕ ಶಿಶುವನ್ನು ಬೆಚ್ಚಗಿಟ್ಟು ಆಮ್ಲಜನಕ ಕೊಟ್ಟು ಆರೈಕೆ ಮಾಡುವ ವ್ಯವಸ್ಥೆಯೂ ಅನೇಕ ಕಡೆ ಇರಲಿಲ್ಲ. ಆಕ್ಲೆಂಡಿನಲ್ಲಿ ಚುಚ್ಚುಮದ್ದಿನ ಹಿಂದೆ ಒಂದು ಇಡೀ ಆಸ್ಪತ್ರೆ ನಿಂತಿತ್ತು. ನಾವು ಚುಚ್ಚುಮದ್ದನ್ನು ಮಾತ್ರ ತಂದೆವು, ಆಸ್ಪತ್ರೆಯನ್ನು ತರಲಿಲ್ಲ.

ಈ ಫಲಿತಾಂಶ ಹೊರಬಂದದ್ದು 2014ರ ಅಕ್ಟೋಬರಿನಲ್ಲಿ. ಅದೇ ವರ್ಷ ಜೂನಿನಲ್ಲಷ್ಟೇ ಭಾರತದ ಆರೋಗ್ಯ ಸಚಿವಾಲಯ, 24ರಿಂದ 34 ವಾರಗಳ ನಡುವೆ ಹೆರಿಗೆ ನೋವು ಕಂಡ ತಾಯಂದಿರಿಗೆ ಡೆಕ್ಸಾಮೆಥಾಸೋನ್ ಕೊಡುವ ಮಾರ್ಗಸೂಚಿ ಹೊರಡಿಸಿತ್ತು: ಆರು ಮಿಲಿಗ್ರಾಂ, ಹನ್ನೆರಡು ಗಂಟೆಗೊಮ್ಮೆ, ನಾಲ್ಕು ಸಲ. ಮೊದಲ ಚುಚ್ಚುಮದ್ದನ್ನು ಕಿರಿಯ ಆರೋಗ್ಯ ಸಹಾಯಕಿಯೇ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದಾಗಿತ್ತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಷರತ್ತುಗಳನ್ನು ಮುಂದಿಟ್ಟಿತು. ಗರ್ಭದ ವಾರಗಳು ಸರಿಯಾಗಿ ತಿಳಿದಿರಬೇಕು; ಹೆರಿಗೆ ಬೇಗನೆ ಆಗುವ ಲಕ್ಷಣವಿರಬೇಕು; ತಾಯಿಗೆ ಸೋಂಕು ಇರಬಾರದು; ಹೆರಿಗೆಗೂ ಚಿಕ್ಕ ಶಿಶುವಿನ ಆರೈಕೆಗೂ ತಕ್ಕ ಏರ್ಪಾಡು ಇರಬೇಕು.

ಆ ಷರತ್ತುಗಳನ್ನು ಪಾಲಿಸಿದರೆ ನಮ್ಮಂಥ ದೇಶಗಳಲ್ಲಿಯೂ ಮದ್ದು ಫಲ ಕೊಡುವುದೇ? 2017ರ ಡಿಸೆಂಬರಿನಿಂದ ಅದರ ಪರೀಕ್ಷೆ ನಡೆಯಿತು. ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆಗಳು, 2,852 ತಾಯಂದಿರು. ಈ ಸಲವೂ ಬೆಳಗಾವಿ ಇತ್ತು. ಈ ಸಲ ವಾರಗಳನ್ನು ಎಣಿಸಿದ್ದು ಸ್ಕ್ಯಾನಿನಿಂದ; ಮದ್ದು ಕೊಟ್ಟದ್ದು ಶಿಶುವಿನ ಆರೈಕೆ ಸಾಧ್ಯವಿದ್ದ ಆಸ್ಪತ್ರೆಗಳಲ್ಲಿ. ಹುಸಿಮದ್ದು ಪಡೆದ ಗುಂಪಿನಲ್ಲಿ ಶೇಕಡ 23.5ರಷ್ಟು ಶಿಶುಗಳು ತೀರಿಕೊಂಡರೆ, ಮದ್ದು ಪಡೆದ ಗುಂಪಿನಲ್ಲಿ 19.6. ಸೋಂಕು ಹೆಚ್ಚಲಿಲ್ಲ. ಲಾಭ ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. 25 ತಾಯಂದಿರಿಗೆ ಮದ್ದು ಕೊಟ್ಟರೆ ಒಂದು ಮಗು ಹೆಚ್ಚಾಗಿ ಉಳಿಯುತ್ತದೆ. ಆ ಒಂದು ಮಗು ಯಾವುದೆಂದು ಯಾರೂ ಹೇಳಲಾರರು. ಆದ್ದರಿಂದಲೇ 25 ಮಂದಿಗೂ ತಪ್ಪದೆ ಕೊಡಬೇಕು.

ಅದೇ 2020ರಲ್ಲಿ ಇದೇ ಡೆಕ್ಸಾಮೆಥಾಸೋನ್ ಇನ್ನೊಂದು ಕಾರಣಕ್ಕೆ ಮನೆಮಾತಾಯಿತು. ಕೋವಿಡ್ ತೀವ್ರವಾಗಿ ಆಮ್ಲಜನಕದ ಮೇಲಿರುವ ರೋಗಿಗಳ ಸಾವನ್ನು ಅದು ತಗ್ಗಿಸುತ್ತದೆಂದು ಬ್ರಿಟನ್ನಿನ ಪ್ರಯೋಗವೊಂದು ಜೂನ್ 16ರಂದು ಪ್ರಕಟಿಸಿತು. ಜೂನ್ 27ಕ್ಕೆ ಭಾರತದ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಅದು ಸೇರಿತು. ಹನ್ನೊಂದೇ ದಿನ! ಆದರೆ ಆಮ್ಲಜನಕ ಬೇಡದ ರೋಗಿಗೆ ಅದರಿಂದ ಪ್ರಯೋಜನವಿಲ್ಲವೆಂದೂ ಅದೇ ಪ್ರಯೋಗ ಹೇಳಿತ್ತು. ಆ ಅರ್ಧವನ್ನು ಹಲವರು ಕೇಳಿಸಿಕೊಳ್ಳಲಿಲ್ಲ. 2021ರ ಎರಡನೆಯ ಅಲೆಯಲ್ಲಿ ಸ್ಟಿರಾಯ್ಡಿನ ಮಿತಿಮೀರಿದ ಬಳಕೆ, ಜೊತೆಗೆ ಹಿಡಿತವಿಲ್ಲದ ಮಧುಮೇಹ ಸೇರಿ ಕಪ್ಪು ಶಿಲೀಂಧ್ರ ರೋಗ ಎಷ್ಟು ಜನರ ಕಣ್ಣು, ಪ್ರಾಣ ಕಳೆಯಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ. ತಡವಾಗಿ ಬಂದ ತಿಳಿವಳಿಕೆಯಂತೆಯೇ ಅರ್ಧ ಬಂದ ತಿಳಿವಳಿಕೆಯೂ ಪ್ರಾಣ ತೆಗೆಯುತ್ತದೆ.

ಇಷ್ಟೆಲ್ಲ ಓದಿದ ಮೇಲೆ ವಿದ್ಯಾರ್ಥಿನಿಯನ್ನು ಕೇಳಿದೆ: “ನಿಮ್ಮಲ್ಲಿ ರಾತ್ರಿ ಎರಡು ಗಂಟೆಗೆ ಅಂಥ ಹೆಣ್ಣುಮಗಳು ಬಂದರೆ ಏನು ಮಾಡುತ್ತೀಯಮ್ಮ?”

ಆಕೆ ಬೆರಳು ಮಡಿಚುತ್ತ ಹೇಳಿದಳು. “ಮೊದಲು ತಾಯಿ ಕಾರ್ಡು ನೋಡತೀನ್ರಿ. ಕಡೀ ಮುಟ್ಟು ಯಾವಾಗ, ಮೊದಲ ಸ್ಕ್ಯಾನ್‌ದಾಗ ಎಷ್ಟು ವಾರ ಅಂತ ಬರದಾರ ಅಂತ. ಜ್ವರ ಐತೇನು ನೋಡತೀನಿ. ಡಾಕ್ಟರಿಗೆ ಫೋನ್ ಮಾಡಿ ಕೇಳಿ ಮೊದಲನೇ ಇಂಜೆಕ್ಷನ್ ಕೊಡತೀನಿ. ಆಮ್ಯಾಲೆ 108 ಕರದು, ಜಿಲ್ಲಾ ಆಸ್ಪತ್ರಿ ಮಕ್ಕಳ ಘಟಕದಾಗ ಜಾಗ ಐತೇನು ಕೇಳಿ ಕಳಸತೀನ್ರಿ. ಚೀಟಿ ಮ್ಯಾಲೆ ಇಂಜೆಕ್ಷನ್ ಕೊಟ್ಟ ಟೈಮು ದೊಡ್ಡದಾಗಿ ಬರೀತೀನಿ. ಇಲ್ಲಾಂದ್ರ ಅಲ್ಲಿಯವರಿಗೆ ಗೊತ್ತಾಗೂದಿಲ್ಲ, ಎರಡನೇದು ತಪ್ಪತೈತಿ.”

ಆಕ್ಲೆಂಡಿನ ಕುರಿಮರಿ, ಕಾಕ್ರನ್ನರ ಸಿಟ್ಟು, ಕ್ರೌಲಿಯವರ ಲೆಕ್ಕ, ಬೆಳಗಾವಿಯ ಕಹಿ ಫಲಿತಾಂಶ, ಷರತ್ತುಗಳು, ಎಲ್ಲವೂ ಆ ಕೆಲವು ಮಾತುಗಳಲ್ಲಿ ಅಡಗಿದ್ದವು. ಆಕೆಗೆ ಆ ಚರಿತ್ರೆಯೆಲ್ಲ ಗೊತ್ತಿರಬೇಕಾಗಿಲ್ಲ. ಆದರೆ ತಾಯಿ ಕಾರ್ಡನ್ನು ಮೊದಲು ನೋಡುವ ಅಭ್ಯಾಸ, ಚೀಟಿಯ ಮೇಲೆ ದೊಡ್ಡದಾಗಿ ಬರೆಯುವ ಅಭ್ಯಾಸ ಆ ಚರಿತ್ರೆಯ ಕೊನೆಯ ಸಾಲು. ಅದನ್ನು ಬರೆಯುವವರು ಆಕೆಯಂಥವರು. ಲಿಂಡ್ ಪ್ರಯೋಗ ಮಾಡಿದರೂ ಕೊನೆಗೆ ನೌಕಾಪಡೆಯ ಅಧಿಕಾರಿಗಳ ಬೆನ್ನುಹತ್ತಿ ನಿಂಬೆರಸ ಕೊಡಿಸಿದವರು ಗಿಲ್ಬರ್ಟ್ ಬ್ಲೇನ್ ಎಂಬ ಇನ್ನೊಬ್ಬ ವೈದ್ಯರು. ಕೈಹಿಡಿದು ಕರೆತಂದವರ ಹೆಸರನ್ನು ನನ್ನ ಪಾಠದಲ್ಲಿ ನಾನೂ ಹೇಳಿರಲಿಲ್ಲ.

ಮೊನ್ನೆ ತಂಗಿಯ ಮನೆಗೆ ಹೋದಾಗ ಇದನ್ನೆಲ್ಲ ಹೇಳಿದೆ. ಆಕೆ ಅಕ್ಕಿ ಹಸನು ಮಾಡುತ್ತ ಕೇಳಿಸಿಕೊಂಡಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: “ಅಣ್ಣಾ, ಆಗ ಆ ಇಂಜೆಕ್ಷನ್ ಕೊಟ್ಟಿದ್ದರ ಅಂವ ಉಳೀತಿದ್ನೇನು?”

ಒಂದು ತಿಂಗಳ ಹಿಂದೆ ಕೇಳಿದ್ದರೆ ಹೌದು ಎಂದು ಸಿಟ್ಟಿನಿಂದ ಹೇಳುತ್ತಿದ್ದೆ. ಈಗ ಹಾಗೆ ಹೇಳಲಾರೆ. ಉಳಿಯುವ ಸಂಭವ ಹೆಚ್ಚುತ್ತಿತ್ತೋ ಏನೋ. ಆದರೆ ಅಂದು ಅಲ್ಲಿದ್ದುದು ಬರಿಯ ಬಲ್ಬಿನ ಶಾಖ. ಚುಚ್ಚುಮದ್ದೊಂದೇ ಸಾಲುತ್ತಿರಲಿಲ್ಲವೇನೋ. “ಅದು ಹೇಳಾಕ ಬರೂದಿಲ್ಲವ್ವ. ಆದರ ನೀ ಎತ್ತಿದ ಕೊಡದಿಂದ ಅವನ ಉಸಿರು ನಿಲ್ಲಲಿಲ್ಲ. ಅವನ ಶ್ವಾಸಕೋಶ ಇನ್ನೂ ತಯಾರಾಗಿರಲಿಲ್ಲ, ಅಷ್ಟs. ಇದು ಮಾತ್ರ ಖರೆ” ಎಂದೆ.

ಆಕೆ ಮರದಲ್ಲಿದ್ದ ಅಕ್ಕಿಯನ್ನು ಸುಮ್ಮನೆ ಆಚೆ ಈಚೆ ಸರಿಸುತ್ತ ಕುಳಿತಳು. ಆಮೇಲೆ, “ನಲವತ್ತು ವರ್ಷ ಆತು, ಯಾರೂ ನನಗ ಇದನ್ನ ಹೇಳಿರಲಿಲ್ಲ” ಎಂದಳು.

ವೈದ್ಯರೂ ನರ್ಸುಗಳೂ ಆಗಿರುವ ನನ್ನ ವಿದ್ಯಾರ್ಥಿಗಳು ಅನೇಕರಿದ್ದೀರಿ. ನಿಮಗೆ ವೈದ್ಯಶಾಸ್ತ್ರ ಹೇಳುವ ಯೋಗ್ಯತೆ ನನಗಿಲ್ಲ. ಹಳೆಯ ಮೇಷ್ಟರ ಕೋರಿಕೆ ಇಷ್ಟೇ. ಹೊಸದನ್ನು ಓದಿದಾಗ ಪೂರ್ತಿ ಓದಿ. ನಮ್ಮ ಊರಿನಲ್ಲಿ ಅದು ಹೇಗೆ ನಡೆದೀತೆಂದು ಎಣಿಸಿ ನೋಡಿ. ಓದಿದ್ದನ್ನು ಮಂಚದವರೆಗೆ ಕರೆತನ್ನಿ. ಮಂಚದ ಪಕ್ಕದಲ್ಲಿ ನಿಂತಿರುವ ತಾಯಿಗೂ ಅಣ್ಣನಿಗೂ ಎರಡು ಮಾತು ತಿಳಿಸಿ ಹೇಳಿ. ಅವರು ಅದನ್ನು ನಲವತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ.

ಎಲ್ಲರಿಗೂ ಶುಭವಾಗಲಿ.